ನೀರು ಕುಡಿಯದ ಕಲ್ಲು

ಅಮ್ಮ ಚಪಾತಿ ಲಟ್ಟಿಸುವಾಗ ಕಾಲಿಗೆ ತೊಡರುವ ಮಗುವಿನ ಕೈಗೆ ಒಂದು ಉಂಡೆ ಹಿಟ್ಟು ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾಳಲ್ಲ, ಮನೆ ಕಟ್ಟುವ ಕಾಲದಲ್ಲಿ ಗಂಡನೆಂಬ ಪ್ರಾಣಿಗೂ ಅಂಥದೇ ಒಂದು ಉಂಡೆ ಸಿಗುತ್ತದೆ ಎಂಬುದು ನನ್ನ ಅನುಭವ. ಮಗು ಆ ಹಿಟ್ಟನ್ನು ತಟ್ಟಿ, ಎಳೆದು, ನೆಲಕ್ಕೆ ಬಡಿದು, ಕಪ್ಪಗೆ ಮಾಡಿ, ಕೊನೆಗೆ ತಾನೂ ಚಪಾತಿ ಮಾಡಿದೆನೆಂದು ತಂದು ತೋರಿಸುತ್ತದೆ. ಅಮ್ಮ ಮೆಚ್ಚಿದ ಹಾಗೆ ಮಾಡಿ ಅದನ್ನು ಕಾಗೆಗೆ ಹಾಕುತ್ತಾಳೆ. ನಾವು ಬಂಗಾರಪೇಟೆಯಲ್ಲಿ ಮನೆ ಕಟ್ಟಿದಾಗ ನನ್ನ ಪಾಲಿಗೆ ಬಂದ ಉಂಡೆ ಗೇಟಿನ ಬಣ್ಣ. ಆ ಬಣ್ಣ ಯಾವುದೆಂದು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಕೊರಿಯರ್‌ನವರಿಗೆ ಮನೆಯ ಗುರುತು ಹೇಳಲು ಮಾತ್ರ ಬಹಳ ಅನುಕೂಲವಾಗಿದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಎರಡನೆಯ ಉಂಡೆ ಸಿಕ್ಕಿದ್ದು ಹೋದ ವರ್ಷ, ಮನೆಯ ಹಿತ್ತಿಲಲ್ಲಿ ಈಜುಕೊಳ ಕಟ್ಟಿಸಿದಾಗ. ಈಜುಕೊಳ ಎಂದ ಕೂಡಲೇ ನೀವು ನೀಲಿ ನೀರು, ಕಪ್ಪು ಕನ್ನಡಕ, ಎಳನೀರಿಗೆ ಸಿಕ್ಕಿಸಿದ ಬಣ್ಣದ ಛತ್ರಿ ಇವನ್ನೆಲ್ಲ ಕಲ್ಪಿಸಿಕೊಂಡು ನನ್ನ ಮೇಲೆ ಹೊಟ್ಟೆಕಿಚ್ಚು ಪಡಬೇಡಿ. ನನ್ನ ಹೆಂಡತಿ ಸರಳಾ ಫಿಸಿಯೋಥೆರಪಿ ಮಾಡುವವಳು. ಮಂಡಿ ಸವೆದವರು, ಸೊಂಟ ಹಿಡಿದವರು ನೀರೊಳಗೆ ನಡೆದರೆ ಮೈಭಾರ ಗೊತ್ತಾಗುವುದಿಲ್ಲ, ಕೀಲುಗಳಿಗೆ ಹಿತ ಎಂದು ಅವಳ ಶಾಸ್ತ್ರ ಹೇಳುತ್ತದೆ. ಆದ್ದರಿಂದ ಸೊಂಟದ ಮಟ್ಟದ ನೀರು, ಹಿಡಿದುಕೊಳ್ಳಲು ಕಂಬಿ, ಇಳಿಯಲು ಅಗಲವಾದ ಮೆಟ್ಟಿಲು. ಈಜಲು ಹೋದರೆ ನಾಲ್ಕನೇ ಸಲ ಕೈ ಬೀಸುವಷ್ಟರಲ್ಲಿ ಎದುರು ಗೋಡೆ ತಲೆಗೆ ಬಡಿಯುತ್ತದೆ. ಆದರೂ ನೆಂಟರು ಸುಮ್ಮನಿರಲಿಲ್ಲ. "ಕುಡಿಯೋ ನೀರಿಗೇ ಬಿಂದಿಗೆ ಸಾಲಿಡೋ ಊರಲ್ಲಿ ಮೇಷ್ಟ್ರು ಸ್ವಿಮ್ಮಿಂಗ್ ಪೂಲ್ ಕಟ್ಟಿಸ್ತಾವ್ರಂತೆ" ಎಂದು ಕ್ಯಾಸಂಬಳ್ಳಿಯವರೆಗೂ ಸುದ್ದಿಯಾಯಿತು. ಅದೇ ನೀರನ್ನು ಸೋಸಿ ಸೋಸಿ ಮತ್ತೆ ಬಿಡುತ್ತೇವೆ ಎಂದು ವಿವರಿಸಿದರೆ, ಆಮೇಲೆ ನಮ್ಮ ಮನೆಯಲ್ಲಿ ಕಾಫಿ ಕುಡಿಯಲೂ ಹಿಂಜರಿಯತೊಡಗಿದರು.

ಊರಿಗೆಲ್ಲ ಸರಳಾ ಹೇಳಿದ್ದು ಇದು ಕ್ಲಿನಿಕ್ಕಿಗೆ ಎಂದು. ನಿಜ ನನಗೆ ಗೊತ್ತು. ಮೆಟ್ಟಿಲಿನ ಎತ್ತರವನ್ನು ಅವಳು ಪುಸ್ತಕ ನೋಡಿ ಗೊತ್ತು ಮಾಡಲಿಲ್ಲ. ಟೇಪು ತೆಗೆದುಕೊಂಡು ಹೋಗಿ ಮಂಚದ ಮೇಲೆ ಕೂತಿದ್ದ ಅವಳಪ್ಪನ ಮಂಡಿಯನ್ನು ಅಳೆದು ಬಂದಳು. ನಮ್ಮ ಮಾವ ಮುನಿಸ್ವಾಮಪ್ಪನವರು ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಉರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಸಂಸಾರ ಮಾಡಿ, ಅತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಎರಡು ವರ್ಷದ ಕೆಳಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಡಾಕ್ಟರು ಕೂಡಿಸಿದರು. ಮೂಳೆ ಕೂಡಿತೇ ಹೊರತು ಧೈರ್ಯ ಕೂಡಲಿಲ್ಲ. ಸಾವಿರಾರು ಅಡಿ ಕೆಳಗೆ, ತಲೆಯ ಮೇಲೆ ಬಂಡೆ ಹೊತ್ತು ಕೆಲಸ ಮಾಡಿದ ಮನುಷ್ಯ ನಮ್ಮ ನಡುಮನೆಯ ಹನ್ನೆರಡು ಅಡಿ ದಾಟಲು ಅಂಜುತ್ತಿದ್ದರು. ಮಂಚ ಬಿಟ್ಟರೆ ಬಚ್ಚಲು, ಬಚ್ಚಲು ಬಿಟ್ಟರೆ ಮಂಚ. ನೀರಲ್ಲಿ ನಡೆಸಿದರೆ ಸರಿಹೋಗುತ್ತಾರೆ ಎಂಬುದು ಸರಳಾಳ ನಂಬಿಕೆ. ಆದರೆ ನೀರಿಗೆ ಇಳಿಯಬೇಕಾದರೆ ಮೊದಲು ಕೊಳದ ಸುತ್ತಲಿನ ಕಲ್ಲಿನ ಮೇಲೆ ಕಾಲಿಡಬೇಕಲ್ಲ. "ಅಪ್ಪ ಆ ಕಲ್ಲು ದಾಟಿ ಒಂದು ಸಲ ನೀರಿಗಿಳಿದರೆ ಸಾಕು ಕಣ್ರೀ" ಎಂದು ಅವಳು ನನ್ನೊಬ್ಬನ ಹತ್ತಿರ ಹೇಳಿದ್ದಳು. ಹೇಳುವಾಗ ಅವಳ ದನಿ ಕ್ಲಿನಿಕ್ಕಿನ ದನಿಯಾಗಿರಲಿಲ್ಲ.

ಕಲ್ಲು ಹಾಸಿದವರು ಕಾಮಸಮುದ್ರದ ಕಡೆಯ ಮೇಸ್ತ್ರಿ ವೆಂಕಟರವಣಪ್ಪ. ಒರಟಾದ ಬೂದು ಚಪ್ಪಡಿಗಳು. ಬರಿಗಾಲಿಗೆ ನಾಯಿಯ ನಾಲಗೆಯ ಹಾಗೆ ತರಿತರಿ. ಎಲ್ಲ ಚೆನ್ನಾಗಿತ್ತು, ಸರಳಾಗೆ ಒಂದೇ ಚಿಂತೆ. ಮಂಡಿನೋವಿನವರು ಯಾರೂ ಬರಿ ಮಂಡಿಯಲ್ಲಿ ಬರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಎಣ್ಣೆ ಹಚ್ಚಿಕೊಂಡೇ ಬರುತ್ತಾರೆ. ಆ ಎಣ್ಣೆ ಕಲ್ಲಿಗಿಳಿದರೆ ಕಲೆ ಹೋಗುವುದಿಲ್ಲ. ಜೊತೆಗೆ ನಮ್ಮ ಬೋರ್‌ವೆಲ್ ನೀರಿನ ಉಪ್ಪು. ಆದ್ದರಿಂದ ಕಲ್ಲಿಗೆ ಸೀಲರ್ ಹೊಡೆಸಬೇಕು, ಅಂದರೆ ನೀರೂ ಎಣ್ಣೆಯೂ ಒಳಗಿಳಿಯದಂತೆ ಕಲ್ಲಿನ ರಂಧ್ರಗಳನ್ನು ಮುಚ್ಚುವ ದ್ರಾವಣ. ಅವಳು ನನ್ನನ್ನು ಕರೆದು, "ಸೀಲರ್ ಆರಿಸೋದು, ಹೊಡೆಯೋದು ಎರಡೂ ನಿಮ್ಮದೇ" ಎಂದಳು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಶಿಲಾಯುಗದ ಪಾಠವನ್ನು ಇಪ್ಪತ್ತೆಂಟು ವರ್ಷ ಮಾಡಿದ್ದೇನೆ. ಕಲ್ಲಿನ ಬಗ್ಗೆ ನನಗೆ ಇರುವ ತಿಳಿವಳಿಕೆ ಅಷ್ಟೇ. ಆದರೂ ಹಿಟ್ಟಿನ ಉಂಡೆ ಸಿಕ್ಕಿದ ಸಂತೋಷಕ್ಕೆ ಮಾರನೆಯ ದಿನವೇ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದೆ.

ಅಂಗಡಿಯವನು ಒಬ್ಬ ಗಿರಾಕಿಗೆ ತಮಿಳಿನಲ್ಲಿ, ಇನ್ನೊಬ್ಬರಿಗೆ ತೆಲುಗಿನಲ್ಲಿ, ಫೋನಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತ ನನ್ನ ಮುಂದೆ ಎರಡು ಡಬ್ಬ ಇಟ್ಟ. "ಸಾರ್, ಇದು ಕಲ್ಲಿನ ಒಳಗೆ ಓಗ್ತದೆ. ಬಳಿದಿದ್ದೀರೋ ಇಲ್ವೋ ಗೊತ್ತೇ ಆಗಲ್ಲ. ಇನ್ನೊಂದು ಮೇಲೇ ನಿಂತ್ಕಂತದೆ. ಶೈನಿಂಗ್ ಬತ್ತದೆ, ಮಳೇಲಿ ನೆಂದ ಕಲ್ಲು ಇದ್ದಂಗೆ." ಒಳಗೆ ಹೋಗುವುದೇ ಹೆಚ್ಚು ದುಬಾರಿ ಎಂದು ಕೇಳಿ ನನಗೆ ಆಶ್ಚರ್ಯವಾಯಿತು. ಕಾಣಿಸದೇ ಇರುವುದಕ್ಕೆ ಯಾಕಪ್ಪ ಹೆಚ್ಚು ಕೊಡಬೇಕು? ಇಡೀ ದಿನ ಬಗ್ಗಿ ಕೆಲಸ ಮಾಡಿದ ಮೇಲೆ ಮನೆಗೆ ಬಂದವರು "ಯಾವಾಗ ಸೀಲರ್ ಹೊಡೆಸ್ತೀರಿ?" ಎಂದು ಕೇಳಿದರೆ ನನ್ನ ಗತಿಯೇನು? ಗಂಡಸು ಮಾಡಿದ ಕೆಲಸ ಕಣ್ಣಿಗೆ ಹೊಡೆಯಬೇಕು. ಅಂಗಡಿಯವನು ಒಂದು ತುಂಡು ಕಲ್ಲಿಗೆ ಹಚ್ಚಿ ತೋರಿಸಿದ. ಬೂದು ಕಲ್ಲು ಕಪ್ಪು ದ್ರಾಕ್ಷಿಯ ಹಾಗೆ ಮಿಂಚಿತು. "ಕೊಳದ ಅಂಚಿಗಾದ್ರೆ ಒಂದು ಕಲ್ಲಿಗೆ ಅಚ್ಚಿ, ನೀರಾಕಿ, ಬರಿಗಾಲಲ್ಲಿ ತುಳಿದು ನೋಡಿ ಸಾರ್" ಎಂದೂ ಅವನು ಹೇಳಿದ. ಆಗ ನಾನು ಆ ತುಂಡಿನಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ಮಿಂಚುವ ಡಬ್ಬವನ್ನೇ ಹೊತ್ತು ತಂದೆ.

ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕಲ್ಲು ಮೂರು ದಿನ ಪೂರ್ತಿ ಒಣಗಿರಬೇಕು. ನಮ್ಮ ಸೀಮೆಯಲ್ಲಿ ಒಣಗುವುದೇನು ದೊಡ್ಡ ವಿಷಯ, ಇಲ್ಲಿ ಒಣಗದೆ ಇರುವುದು ಯಾವುದು ಎಂದುಕೊಂಡು ಹಿತ್ತಿಲಿಗೆ ಹೋಗಿ ನೋಡಿದರೆ ಕಲ್ಲು ತೊಪ್ಪೆಯಾಗಿ ನೆನೆದಿದೆ. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಬೆಳಿಗ್ಗೆ ಕಾದು ನೋಡಿದಾಗ ಗುಟ್ಟು ತಿಳಿಯಿತು. ಹಿಂದಿನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾವನವರು ಕೂತಿದ್ದಾರೆ! ಮಂಚ ಬಿಟ್ಟು, ನಡುಮನೆ ದಾಟಿ, ಅಡುಗೆಮನೆಯ ಹೊಸ್ತಿಲು ದಾಟಿ ಬಂದು, ಕೈಯಲ್ಲಿ ಪೈಪು ಹಿಡಿದು ಕಲ್ಲಿಗೆ ನೀರು ಬಿಡುತ್ತಿದ್ದಾರೆ. ಕೆಲಸ ಮುಗಿಸಿ ಹೊರಡುವಾಗ ವೆಂಕಟರವಣಪ್ಪ ಸಂದಿನ ಸಿಮೆಂಟಿಗೆಂದು, "ದಿನಾ ಎಲ್ಡ್ ಒತ್ತು ನೀರ್ ಬಿಡಿ" ಎಂದು ಹೇಳಿಹೋಗಿದ್ದರಂತೆ. ನಮ್ಮ ಕಡೆ ಹೊಸ ಕಟ್ಟಡ ಎಂದರೆ ಹಸುಗೂಸು ಇದ್ದ ಹಾಗೆ. ಇಪ್ಪತ್ತೊಂದು ದಿನ ನೀರು ಕುಡಿಸದಿದ್ದರೆ ಪಾಪ ತಟ್ಟುತ್ತದೆ. ಮಾವನವರು ಕುಡಿಸುತ್ತಿದ್ದರು. "ನೋಡ್ರಿ ಅಳಿಯಂದ್ರೇ, ಎಂಗ್ ಕುಡೀತಾ ಐತೆ! ಬಾಯಾರಿತ್ತು ಪಾಪ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಸರಳಾ ಕಣ್ಣಲ್ಲೇ ನನ್ನನ್ನು ಗದರಿದಳು.

ಒಳಗೆ ಹೋದ ಮೇಲೆ ಪಿಸುಗುಟ್ಟಿದಳು: "ಎರಡು ವರ್ಷದಲ್ಲಿ ಅಪ್ಪ ತಾನಾಗಿ ಎದ್ದು ಬಂದಿರೋ ಕೆಲಸ ಇದೊಂದೇ. ನೀರು ನಿಲ್ಲಿಸಿ ಅಂತ ನೀವೇನಾದರೂ ಅಂದ್ರೋ!" ಅನ್ನಲಿಲ್ಲ. ಇಪ್ಪತ್ತೊಂದು ದಿನ ಆಗಲಿ ಎಂದು ಕಾದೆ. ಇಪ್ಪತ್ತೆರಡನೆಯ ದಿನವೂ ನೀರು ಬಿತ್ತು. ಮಾವನವರ ಲೆಕ್ಕದಲ್ಲಿ ನಲವತ್ತೆಂಟು ದಿನದ ಮಂಡಲವಂತೆ. ಡಬ್ಬ ಮೂಲೆಯಲ್ಲಿ ಕೂತಿತ್ತು, ಕ್ಲಿನಿಕ್ಕಿನಲ್ಲಿ ಪೇಷೆಂಟುಗಳು "ಕೊಳ ಯಾವಾಗಮ್ಮಾ?" ಎಂದು ಕೇಳುತ್ತಿದ್ದರು, ನನ್ನ ಉಂಡೆ ಹಿಟ್ಟು ಹಳಸುತ್ತಿತ್ತು. ಕೊನೆಗೆ ಒಂದು ಶುಕ್ರವಾರ, ಸರಳಾ ಕ್ಲಿನಿಕ್ಕಿಗೆ ಹೋದ ಮೇಲೆ, ನಾನು ಹಿತ್ತಿಲ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೆ. ಮಾವನವರಿಗೆ "ಹಿತ್ತಿಲ ಮೋಟಾರು ಸುಟ್ಟುಹೋಗಿದೆ" ಎಂದು ಸುಳ್ಳು ಹೇಳಿದೆ. ಅವರು ಖಾಲಿ ಪೈಪನ್ನು ಒಂದೆರಡು ಸಲ ಅಲ್ಲಾಡಿಸಿ ನೋಡಿ, ಎದ್ದು ಹೋಗಿ ಗೋಡೆ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು. ಸಂಜೆ ಸರಳಾಗೂ ಅದೇ ಸುಳ್ಳು ಹೇಳಿದೆ. ಶನಿವಾರ ಮಾವನವರು ಏಳಲಿಲ್ಲ. ಮಧ್ಯಾಹ್ನ ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟರು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಹಾಗೆಂದು ವಾಲ್ವ್ ತೆರೆದೆನೇ? ಇಲ್ಲ. ಬೇಗ ಮುಗಿಸಿಬಿಡೋಣವೆಂದು ಮೂರು ದಿನ ಕಾಯಬೇಕಾದದ್ದನ್ನು ಎರಡೇ ದಿನಕ್ಕೆ ಇಳಿಸಿ, ಭಾನುವಾರ ಬೆಳಿಗ್ಗೆ ಬ್ರಷ್ಷು ಹಿಡಿದು ಕೂತೆ. ಮಧ್ಯಾಹ್ನದ ಹೊತ್ತಿಗೆ ಕೊಳದ ಸುತ್ತಲಿನ ಕಲ್ಲೆಲ್ಲ ಫಳಫಳ. ಫೋಟೊ ತೆಗೆದು ನಮ್ಮ ಶಾಲೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಹದಿನಾಲ್ಕು ಹೆಬ್ಬೆರಳು ಬಂದವು.

ಬುಧವಾರ ಬೆಳಿಗ್ಗೆ "ಮೋಟಾರು ರಿಪೇರಿ ಆಯಿತು" ಎಂದು ನಾನೇ ಹೋಗಿ ಹೇಳಿದೆ. ಮಾವನವರು ನಿಧಾನವಾಗಿ ಎದ್ದು ಬಂದು ಕುರ್ಚಿಯಲ್ಲಿ ಕೂತು ಪೈಪು ಹಿಡಿದರು. ನೀರು ಬಿದ್ದದ್ದೇ ಮುತ್ತು ಮುತ್ತಾಗಿ ಉರುಳಿ ಚರಂಡಿಗೆ ಓಡಿತು. ಅವರು ಪೈಪು ಕೆಳಗಿಟ್ಟರು. "ಏನಾಯ್ತು ಇದಕ್ಕೆ? ನೀರ್ ಕುಡೀತಾ ಇಲ್ವಲ್ಲ!" ಕಾಯಿಲೆ ಬಿದ್ದ ಮಗುವಿನ ಬಗ್ಗೆ ಕೇಳುವ ಹಾಗೆ ಕೇಳಿದರು. ನಾನು ಹೆಮ್ಮೆಯಿಂದ ಸೀಲರಿನ ಮಹಿಮೆಯನ್ನು ಪಾಠ ಮಾಡಿದೆ. ಅವರು ಅದಕ್ಕೆ ಕಿವಿಗೊಡದೆ ಕುರ್ಚಿಯಿಂದಲೇ ಬಾಗಿ ಊರುಗೋಲಿನ ತುದಿಯನ್ನು ಕಲ್ಲಿಗೆ ಒತ್ತಿದರು. ಕೋಲು ಸುಯ್ಯೆಂದು ಜಾರಿತು. ಮುಖದ ಬಣ್ಣವೇ ಇಳಿದುಹೋಯಿತು. "ಇದು ಪಾಚಿ ಬಂಡೆ. ನಾನ್ ಕಾಲ್ ಇಕ್ಕಲ್ಲ. ಸರ್ಳಂಗೂ ಯೋಳ್ಬಿಡಿ, ನಾನ್ ನೀರ್‌ಗೂ ಇಳ್ಯಲ್ಲ." ಅಡುಗೆಮನೆಯ ಕಿಟಕಿಯಲ್ಲಿ ಸರಳಾ ನಿಂತಿದ್ದಳು. ಅವಳು ಕಣ್ಣಲ್ಲೂ ಗದರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ನೋಟವನ್ನು ತಡೆಯಲಾರದೆ ನಾನು ಮಾಡಬಾರದ್ದನ್ನು ಮಾಡಿದೆ. "ಎಲ್ಲಿ ಜಾರುತ್ತೆ ಮಾವ? ಕೋಲಿಗೆ ರಬ್ಬರ್ ಸವೆದಿದೆ ಅಷ್ಟೇ. ನೋಡಿ, ನಾನು ನಡೆದು ತೋರಿಸ್ತೀನಿ" ಎಂದು ಪಂಚೆ ಎತ್ತಿಕಟ್ಟಿ, ಚಪ್ಪಲಿ ಬಿಟ್ಟು, ಒದ್ದೆ ಕಲ್ಲಿನ ಮೇಲೆ ಇಳಿದೆ. ಮೊದಲನೆಯ ಹೆಜ್ಜೆ ಗಂಭೀರವಾಗಿತ್ತು. ಎರಡನೆಯದರಲ್ಲಿ ಸ್ವಲ್ಪ ಆತುರವಿತ್ತು. ಮೂರನೆಯದನ್ನು ನಾನು ಇಡಲಿಲ್ಲ, ಅದು ತಾನಾಗಿಯೇ ಹೋಯಿತು. "ಪಾತ್ತು! ಪಾತ್ತು!" ಎಂದು ಮಾವನವರು ಕೂಗಿದ್ದು ಕೇಳಿಸಿತು. ಗಾಬರಿಯಾದಾಗ ಅವರಿಗೆ ಇಂದಿಗೂ ಗಣಿಯ ತಮಿಳೇ ಬಾಯಿಗೆ ಬರುವುದು. ನೋಡಿಕೊಂಡು ಹೋಗು ಎಂದು ಅದರ ಅರ್ಥ. ಅರ್ಥವಾಗುವ ಹೊತ್ತಿಗೆ ನಾನು ಎಡಸೊಂಟದ ಮೇಲೆ ಧೊಪ್ಪೆಂದು ಬಿದ್ದು, ನನ್ನದೇ ಕೈಕೆಲಸದ ನುಣುಪಿನ ಮೇಲೆ ಮೂರು ಚಪ್ಪಡಿ ದೂರ ಜಾರಿ, ಒಂದು ಕಾಲು ಕೊಳದೊಳಗೆ ಇಳಿಬಿಟ್ಟು ನಿಂತಿದ್ದೆ, ಅಂದರೆ ಮಲಗಿದ್ದೆ.

ಓಡಿ ಬರುತ್ತಿದ್ದ ಸರಳಾಳನ್ನು ಮಾವನವರು ಗುಡುಗಿ ತಡೆದರು. "ನಿಂತ್ಕಳೇ! ನೀನೂ ಬೀಳ್ತೀಯ. ಓಗಿ ಗೋಣಿಚೀಲ ತಕಂಬಾ. ಅಳಿಯಂದ್ರೇ, ನೀವ್ ಅಲ್ಲಾಡ್‌ಬ್ಯಾಡಿ." ಆ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲೇ ಇಲ್ಲ. ನೆಲದಡಿಯಲ್ಲಿ ಹತ್ತಾರು ಜನರನ್ನು ಹಿಂದಿಟ್ಟುಕೊಂಡು ಮುಂದೆ ನಡೆದವರ ದನಿ ಅದು. ಸರಳಾ ಚೀಲಗಳನ್ನು ಒಂದರ ಮುಂದೊಂದು ಹಾಸಿದಳು. ನಾನು ಅವುಗಳ ಮೇಲೆ ಅಂಬೆಗಾಲಿಟ್ಟುಕೊಂಡು ಜಗಲಿಗೆ ಬಂದೆ. ನಲವತ್ತೆಂಟು ಕೆ.ಜಿ. ತೂಕದ ಮಾವನವರು ಎಪ್ಪತ್ತೆಂಟು ಕೆ.ಜಿ.ಯ ನನ್ನ ರಟ್ಟೆ ಹಿಡಿದು ಮೇಲಕ್ಕೆಳೆದರು. ಎಳೆಯುವಾಗ ಅವರ ಭುಜ ಕುಲುಕುತ್ತಿತ್ತು. ನೋವಾಯಿತೇನೋ ಎಂದು ಮುಖ ನೋಡಿದರೆ ನಗು ತಡೆದುಕೊಳ್ಳುತ್ತಿದ್ದಾರೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಸೊಂಟ ಸೆಳೆಯುತ್ತಿದ್ದರೂ ನನಗೆ ಸಂತೋಷವಾಯಿತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಕರೆಸಿದಾಗ ವೆಂಕಟರವಣಪ್ಪ ಬಂದು ಕಲ್ಲನ್ನೂ ನನ್ನನ್ನೂ ನೋಡಿ, "ಏಮಯ್ಯಾ ಇದಿ!" ಎಂದು ತೆಲುಗಿನಲ್ಲಿ ಹಣೆ ಚಚ್ಚಿಕೊಂಡರು. ಒಳಗೆ ತೇವ ಇದ್ದ ಕಡೆ ಹೊಳಪು ಆಗಲೇ ಹಾಲಿನಂತೆ ಬೆಳ್ಳಗಾಗಿ ಸಿಪ್ಪೆ ಏಳುತ್ತಿತ್ತು. "ಕಲ್ಲು ತರಿ ಇರ್ಲಿ ಅಂತ ಬೆಂಕಿ ಕೊಟ್ಟು ಸುಡ್ಸಿ ತಂದಿವ್ನಿ, ನೀವು ಅದ್ಕೆ ಬೆಣ್ಣೆ ಸವರಿದ್ದೀರಲ್ಲ ಸಾ!" ಎಂದರು. ಕರಗಿಸುವ ಇನ್ನೊಂದು ದ್ರಾವಣ ತಂದು, ಗಡಸು ಬ್ರಷ್ಷಿನಿಂದ ತಿಕ್ಕಿ, ನಾನು ಅರ್ಧ ದಿನದಲ್ಲಿ ಬಳಿದದ್ದನ್ನು ನಾಲ್ಕು ದಿನ ಕಿತ್ತರು. ನಾನು ದಿಂಬಿನ ಮೇಲೆ ಒರಗಿಕೊಂಡು ನೋಡುತ್ತಿದ್ದೆ. ಆಮೇಲೆ ನಾನೇ ಮಾವನವರಿಗೆ ಮೋಟಾರಿನ ಸುಳ್ಳನ್ನು ಒಪ್ಪಿಕೊಂಡು, ಕಲ್ಲು ಒಣಗಬೇಕಾದ ಕಾರಣ ಹೇಳಿದೆ. ಅವರು, "ಮೊದ್ಲೇ ಯೋಳಿದ್ರೆ ನಾನೇ ಕಾಯ್ತಿರ್‌ಲಿಲ್ವಾ? ಒಣಗಿದ ಕಲ್ಲು ಯಾವ್ದು, ನೆಂದಿದ್ಯಾವ್ದು ನನಗಿಂತ ಯಾರಿಗ್ ಗೊತ್ತು?" ಎಂದರು. ಅಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲ. ಅವರ ಮನಸ್ಸು ನೋಯಬಾರದೆಂದು ಮನೆಮಂದಿಯೆಲ್ಲ ಸೇರಿ ಅವರನ್ನು ಏನೂ ಕೇಳದೇ ಇದ್ದೆವು.

ಕೆಲಸ ಅವರ ಕೈಗೆ ಹೋಯಿತು. ಗಣಿಯಲ್ಲಿ ಕೆಲಸ ಶುರು ಮಾಡುವ ಮುಂಚೆ ಕಬ್ಬಿಣದ ಸಲಾಕೆಯಿಂದ ಬಂಡೆಯನ್ನು ತಟ್ಟಿ, ಗಣ್ಣೆಂದರೆ ಗಟ್ಟಿ, ಡಬ್ಬೆಂದರೆ ಟೊಳ್ಳು ಎಂದು ತಿಳಿಯುತ್ತಿದ್ದರಂತೆ. ಹಾಗೆ ಜಗಲಿಯಿಂದ ಕೈಗೆಟುಕುವ ಕಲ್ಲನ್ನು ಕೋಲಿನಿಂದ ತಟ್ಟಿದರು. ಅಂಗೈ ಹಿಂಭಾಗವನ್ನು ಇಟ್ಟು ತಣ್ಣಗಿದೆಯೇ ನೋಡಿದರು. "ಇನ್ನೊಂದಿನ ಬಿಡಿ" ಎಂದರು. ಒಂದು ದಿನ ಅಂದದ್ದು ನಾಲ್ಕಾಯಿತು. ಒಳಗೆ ಹೋಗುವ ಸೀಲರನ್ನು ನಾನು ಮತ್ತೆ ಹೋಗಿ ತಂದೆ. ಅಂಗಡಿಯವನು ಯಾಕೆಂದು ಕೇಳಲಿಲ್ಲ, ನಾನು ಕೂತು ಏಳುವ ಭಂಗಿಯಲ್ಲೇ ಅವನಿಗೆ ತಿಳಿದಿರಬೇಕು. ವೆಂಕಟರವಣಪ್ಪ ಹಚ್ಚಿ, ಕಲ್ಲು ಕುಡಿದು ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದರು. ಮುಗಿದ ಮೇಲೆ ಕಲ್ಲು ಮೊದಲು ಹೇಗಿತ್ತೋ ಹಾಗೇ ಇತ್ತು. ನೋಡಿದರೆ ಏನೂ ಮಾಡಿಯೇ ಇಲ್ಲ.

ಎರಡು ದಿನ ಬಿಟ್ಟು ಪರೀಕ್ಷೆ. ಮಾವನವರು ಜಗಲಿಯ ಹತ್ತಿರದ ಕಲ್ಲಿಗೆ ನೀರು ಹಾಕಿಸಿದರು. ನೀರು ಒಳಗಿಳಿಯಲಿಲ್ಲ. ಮುಖ ಗಂಟಿಕ್ಕಿತು. ಕೋಲು ಒತ್ತಿದರು, ಜಾರಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, ಹಿಮ್ಮಡಿ ಊರಿ, ತಿರುಚಿ ನೋಡಿದರು. "ಊಂ. ಇದು ಪಾಸು" ಎಂದರು. ಒಂದು ಪಾಸಾದರೆ ಸಾಕೇ? ವೆಂಕಟರವಣಪ್ಪನವರ ಮೇಲೆ ಅವರಿಗೆ ನಂಬಿಕೆಯಿದ್ದರೂ ನನ್ನ ಡಬ್ಬದ ಮೇಲೆ ಇರಲಿಲ್ಲ. ಎರಡನೆಯದನ್ನು ತಟ್ಟಿದರು, ಹಿಮ್ಮಡಿ ಊರಿದರು, ಪಾಸು. ಮೂರನೆಯದು. ನಾಲ್ಕನೆಯದು. ಸರಳಾ ಅವರ ಬೆನ್ನ ಹಿಂದೆ ಎರಡು ಅಡಿ ದೂರದಲ್ಲಿ ಉಸಿರು ಬಿಗಿಹಿಡಿದು ನಡೆಯುತ್ತಿದ್ದಳು. ಮೂಲೆ ತಿರುಗಿದರು, ಆ ಬದಿ ಮುಗಿಸಿದರು, ಕೊಳವನ್ನು ಒಂದು ಸುತ್ತು ಬಂದರು. ಅವರು ನಡೆಯುತ್ತಿರಲಿಲ್ಲ ಸ್ವಾಮಿ, ತನಿಖೆ ಮಾಡುತ್ತಿದ್ದರು. ಮುಗಿಸಿ ಕುರ್ಚಿಯಲ್ಲಿ ಕೂತು "ಒಂದ್ ಲೋಟ ಕಾಫಿ ಕೊಡಮ್ಮಾ" ಎಂದಾಗ ಸರಳಾ ಒಳಗೆ ಓಡಿಹೋದಳು. ಕಾಫಿ ಬರುವುದಕ್ಕೆ ಬಹಳ ಹೊತ್ತಾಯಿತು. ತಂದವಳ ಕಣ್ಣು ಕೆಂಪಾಗಿತ್ತು.

ಉಳಿದದ್ದು ನೀರಿಗೆ ಇಳಿಯುವುದು. ಅದಕ್ಕೆ ಮಾತ್ರ ಅವರು ಒಪ್ಪಲಿಲ್ಲ. "ನಾನೇನ್ ಪೇಷೆಂಟಾ?" ಎಂದು ಕೇಳಿಬಿಟ್ಟರು. ಆಗ ಸರಳಾ ಕ್ಲಿನಿಕ್ಕಿನ ಹೊಸ ರಿಜಿಸ್ಟರು ತಂದು ಮೇಜಿನ ಮೇಲೆ ಬಿಚ್ಚಿ, ನನ್ನನ್ನು ಕರೆದು ಎದುರಿಗೆ ಕೂರಿಸಿದಳು. ಹೆಸರು, ವಯಸ್ಸು, ನೋವು ಯಾವ ಕಡೆ. ಎಡಸೊಂಟ ಎಂದೆ. ಹೇಗಾಯಿತು ಎಂದು ಗುರುತಿಲ್ಲದವಳ ಹಾಗೆ ಕೇಳಿದಳು. ನಡೆದು ತೋರಿಸಲು ಹೋಗಿ ಎಂದೆ, ಹಾಗೇ ಬರೆದುಕೊಂಡಳು. ಕೊನೆಯ ಕಲಂ 'ಜೊತೆಗೆ ಬಂದವರು'. ಅವಳು ಪೆನ್ನು ಎತ್ತಿಹಿಡಿದು, "ನೀರಲ್ಲಿ ಇವರನ್ನ ಹಿಡ್ಕೊಳ್ಳೋಕೆ ಒಬ್ಬರು ಬೇಕಪ್ಪಾ, ನನಗೆ ಬೇರೆ ಪೇಷೆಂಟುಗಳಿರ್ತಾರೆ" ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು. ಮಾವನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಈ ಮನುಷ್ಯನ್ನ ಒಬ್ಬನ್ನೇ ಬಿಡಕ್ಕಾಯ್ತದಾ? ನಾನೇ ಇಡ್ಕಂತೀನಿ, ಬರ್ಕೊಮ್ಮಾ" ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಅವರು ನನ್ನ ರಟ್ಟೆ ಹಿಡಿದು ಮೆಟ್ಟಿಲಿಳಿಸುತ್ತಾರೆ. ನೀರಿನಲ್ಲಿ ಇಪ್ಪತ್ತು ಸುತ್ತು. "ನಿಧಾನ, ಅವಸರ ಬ್ಯಾಡ" ಎಂದು ದಾರಿಯುದ್ದಕ್ಕೂ ನನಗೆ ಬುದ್ಧಿ ಹೇಳುತ್ತಾರೆ. ಈಗ ನಿಮ್ಮೊಬ್ಬರಿಗೆ ಒಂದು ಗುಟ್ಟು ಹೇಳುತ್ತೇನೆ: ನನ್ನ ಸೊಂಟನೋವು ನೀರಿಗಿಳಿದ ಐದನೆಯ ದಿನಕ್ಕೇ ಹೋಗಿತ್ತು. ಇದು ಮೂರನೆಯ ತಿಂಗಳು, ನಾನಿನ್ನೂ ಕುಂಟುತ್ತಿದ್ದೇನೆ. ಬಲು ಸೊಗಸಾಗಿ ಕುಂಟುತ್ತೇನೆ, ಮೆಟ್ಟಿಲಿನಲ್ಲಿ ಒಂದು ನರಳಿಕೆಯನ್ನೂ ಸೇರಿಸುತ್ತೇನೆ. ಮಾವನವರು ಗಟ್ಟಿಯಾಗುತ್ತಿದ್ದಾರೆ, ಸರಳಾಗೆ ನನ್ನ ನಾಟಕ ಗೊತ್ತೇ ಇಲ್ಲ, ಈ ಮನೆಯಲ್ಲಿ ಕೊನೆಗೂ ನನ್ನಿಂದ ಒಂದು ಕೆಲಸ ಯಾರ ಕಣ್ಣಿಗೂ ಕಾಣದ ಹಾಗೆ ನಡೆಯುತ್ತಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ನಿನ್ನೆ ಬೆಳಿಗ್ಗೆ ಟವೆಲ್ ಕೊಡುವ ನೆಪದಲ್ಲಿ ಸರಳಾ ಹತ್ತಿರ ಬಂದು, ಅಪ್ಪನಿಗೆ ಕೇಳಿಸದ ಹಾಗೆ ಹೇಳಿದಳು: "ಬಿದ್ದಿದ್ದು ಎಡಸೊಂಟದ ಮೇಲೆ. ನಾಲ್ಕು ದಿನದಿಂದ ಬಲಗಾಲು ಕುಂಟ್ತಾ ಇದ್ದೀರಿ."